ಮೂರು ಹಸಿರು ದೀಪಗಳೂ ಡ್ರೈವರ್ ಕೃಷ್ಣಪ್ಪನವರೂ

ಹಿನಕಲ್ಲಿನ ಕೃಷ್ಣಪ್ಪನವರು ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಅವರ ಬಸ್ಸು ಒಂದು ಕೋಳಿಯನ್ನೂ ಮುಟ್ಟಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಒಂದು ಬೆಳ್ಳಿ ಪದಕವಿದೆ. ಇಲಾಖೆಯವರು ಅದನ್ನು ಪುಟ್ಟ ಡಬ್ಬಿಯಲ್ಲಿಟ್ಟು ಕೊಟ್ಟಿದ್ದರು. ಕೃಷ್ಣಪ್ಪನವರು ಅದಕ್ಕೆ ಗಾಜಿನ ಚೌಕಟ್ಟು ಕಟ್ಟಿಸಿ, ಮನೆಗೆ ಬಂದವರು ಎಲ್ಲಿ ಕೂತರೂ ಕಣ್ಣಿಗೆ ಬೀಳುವಂಥ ಜಾಗ ನೋಡಿ ಮೊಳೆ ಹೊಡೆದಿದ್ದಾರೆ. ಪದಕವನ್ನು ನೋಡದೆ ಕಾಫಿ ಕುಡಿದು ಎದ್ದುಹೋದವರು ಇದುವರೆಗೆ ಯಾರೂ ಇಲ್ಲ. ನೋಡದೆ ಕೂತವರಿಗೆ ಎರಡನೆಯ ಲೋಟ ಕಾಫಿ ಬರುತ್ತದೆ.

ಇಂಥವರ ಒಬ್ಬಳೇ ಮಗಳು ಚೈತನ್ಯ ಪಿಯುಸಿ ಮುಗಿಸಿ, "ಅಪ್ಪ, ನಾನು ಪೈಲಟ್ ಆಗ್ತೀನಿ" ಎಂದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ರಕ್ತದಲ್ಲೇ ಅದೆ ಬುಡು" ಎಂದರು. "ನಾನು ನೆಲದ ಮ್ಯಾಲೆ ಓಡಿಸ್ದೆ, ನೀನು ಒಸಿ ಮೇಲಕ್ಕೆ ಓಡಿಸ್ತೀಯ. ಅಷ್ಟೇಯ ವ್ಯತ್ಯಾಸ."

ಫೀಸಿಗೆಂದು ರಿಂಗ್ ರೋಡಿನ ಪಕ್ಕದ ಸೈಟು ಹೋಯಿತು, ಮಗಳು ಆಕಾಶಕ್ಕೆ ಹೊರಟಳು. ಕಣ್ಣು, ಕಿವಿ, ಹೃದಯವನ್ನೆಲ್ಲ ಬಿಚ್ಚಿಟ್ಟ ಹಾಗೆ ನೋಡುವ ವೈದ್ಯಕೀಯ ಪರೀಕ್ಷೆ ಆಯಿತು, ಗಾಳಿ ಮೋಡಗಳ ಬಗ್ಗೆ ಲಿಖಿತ ಪರೀಕ್ಷೆಗಳಾದವು, ಚಿಕ್ಕ ವಿಮಾನದಲ್ಲಿ ಇನ್ನೂರು ಗಂಟೆ ಹಾರಾಟವೂ ಆಯಿತು. ಕೊನೆಗೆ ಒಂದು ವಿಮಾನ ಕಂಪನಿ ಅವಳನ್ನು ಆರಿಸಿಕೊಂಡು, ದೊಡ್ಡ ವಿಮಾನದ ತರಬೇತಿಗೆ ಹೈದರಾಬಾದಿಗೆ ಕರೆಸಿಕೊಂಡಿತು.

ಅವಳು ರೈಲು ಹತ್ತಿದ ವಾರಕ್ಕೇ ಹಿನಕಲ್ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. "ಹಿನಕಲ್ಲಿನ ಹೆಮ್ಮೆಯ ಪುತ್ರಿ ಕ್ಯಾಪ್ಟನ್ ಚೈತನ್ಯ ಕೃಷ್ಣಪ್ಪ ಅವರಿಗೆ ಹಾರ್ದಿಕ ಅಭಿನಂದನೆಗಳು." ಅದರಲ್ಲಿ ಮಗಳ ಚಿತ್ರ ಒಂದಡಿ, ತಂದೆಯದು ಮೂರಡಿ. ತಂದೆ ಕಪ್ಪು ಕನ್ನಡಕ ಹಾಕಿಕೊಂಡು, ಇನ್ನೇನು ಹಾರಿಯೇಬಿಡುವವರಂತೆ ಆಕಾಶ ನೋಡುತ್ತಿದ್ದಾರೆ. ಹಿನ್ನೆಲೆಯಲ್ಲಿ ಬಾಂಬು ಹೊತ್ತ ಯುದ್ಧವಿಮಾನ. ಫ್ಲೆಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ಇದ್ದದ್ದು ಅದೊಂದೇ. ಅಡಿಯಲ್ಲಿ ಶುಭ ಕೋರುವ ಇಪ್ಪತ್ತೆಂಟು ಮುಖಗಳು. ಅವುಗಳಲ್ಲಿ ಆರೇಳು ಮುಖಗಳಿಗೆ ಚೈತನ್ಯ ಯಾರೆಂದು ಇಂದಿಗೂ ಗೊತ್ತಿಲ್ಲ.

ಯಾರೋ ಫೋಟೋ ಕಳಿಸಿದರು. ಚೈತನ್ಯ ಹೈದರಾಬಾದಿನಿಂದ ಫೋನು ಮಾಡಿದಳು.

"ಅಪ್ಪ, ನಾನು ಕ್ಯಾಪ್ಟನ್ ಅಲ್ಲ. ಟೆಸ್ಟ್ ಪಾಸಾದ್ರೆ ಫಸ್ಟ್ ಆಫೀಸರ್ ಅಷ್ಟೇ. ಕ್ಯಾಪ್ಟನ್ ಪಕ್ಕ, ಬಲಗಡೆ ಸೀಟು."

"ಬಲಗಡೆ ಅಂದ್ರೆ ಡ್ರೈವರ್ ಸೀಟೇ ಅಲ್ವೇನಮ್ಮ!"

"ವಿಮಾನದಲ್ಲಿ ಕ್ಯಾಪ್ಟನ್ ಕೂರೋದು ಎಡಗಡೆ ಅಪ್ಪ."

ಈ ಸುದ್ದಿ ಕೃಷ್ಣಪ್ಪನವರಿಗೆ ಹಿಡಿಸಲಿಲ್ಲ. ಡ್ರೈವರನ್ನು ಎಡಗಡೆ ಕೂರಿಸುವ ಕಸುಬಿನಲ್ಲಿ ಏನೋ ಐಬು ಇರಲೇಬೇಕು ಎನ್ನಿಸಿತು. ಫ್ಲೆಕ್ಸ್ ಮಾತ್ರ ಇಳಿಯಲಿಲ್ಲ.

ಫ್ಲೆಕ್ಸ್ ಎದ್ದು ಒಂದೂವರೆ ತಿಂಗಳಿಗೆ ಇನ್ನೊಂದು ಫೋನು ಬಂತು. ಈ ಸಲ ಮಗಳ ದನಿ ಸಣ್ಣಗಿತ್ತು. ಟೆಸ್ಟಿನಲ್ಲಿ ಅವಳು ಫೇಲಾಗಿದ್ದಳು.

ಟೆಸ್ಟು ನಡೆಯುವುದು ಸಿಮ್ಯುಲೇಟರಿನಲ್ಲಿ. ಅದು ಒಳಗೆಲ್ಲ ವಿಮಾನದಂತೆಯೇ ಇರುವ, ಆದರೆ ನೆಲ ಬಿಟ್ಟು ಎಲ್ಲಿಗೂ ಹೋಗದ ಒಂದು ಯಂತ್ರ. ಇಳಿಯುವ ಮುಂಚೆ ಒಬ್ಬ ಪೈಲಟ್ ಪಟ್ಟಿ ನೋಡಿ ಒಂದೊಂದಾಗಿ ಕೇಳಬೇಕು, ಇನ್ನೊಬ್ಬರು ಅದನ್ನು ಕಣ್ಣಾರೆ ನೋಡಿ ಉತ್ತರ ಹೇಳಬೇಕು. ಚಕ್ರಗಳು ಇಳಿದಿದ್ದರೆ ಮೂರು ಹಸಿರು ದೀಪ ಹತ್ತಿರುತ್ತವೆ. ಪರೀಕ್ಷಕರು ಸದ್ದಿಲ್ಲದೆ ಒಂದು ದೀಪ ಆರಿಸಿದ್ದರು. "ಲ್ಯಾಂಡಿಂಗ್ ಗೇರ್?" ಎಂದು ಪಕ್ಕದವನು ಕೇಳಿದ. ಚೈತನ್ಯ ನೋಡದೆಯೇ ಥಟ್ಟನೆ "ಡೌನ್, ಮೂರು ಹಸಿರು" ಎಂದುಬಿಟ್ಟಿದ್ದಳು. ಇನ್ನು ಹನ್ನೆರಡು ದಿನಕ್ಕೆ ಮತ್ತೊಂದು ಟೆಸ್ಟ್. ಅದರಲ್ಲೂ ಫೇಲಾದರೆ ಕಂಪನಿ ಅವಳನ್ನು ಮನೆಗೆ ಕಳಿಸುತ್ತದೆ.

"ಹಾರದೇ ಇರೋ ಇಮಾನ್ದಲ್ಲಿ ಫೇಲಾಗೋದು ಎಂಗಮ್ಮ?" ಎಂದರು ಕೃಷ್ಣಪ್ಪನವರು. ಊರಿಗೆ ಮಾತ್ರ "ಎರಡನೇ ಹಂತದ ಟ್ರೈನಿಂಗು. ಎಲ್ಲಾರ್ಗೂ ಕೊಡಲ್ವಂತೆ" ಎಂದು ಹೇಳಿದರು.

ಚೈತನ್ಯ ಅಭ್ಯಾಸಕ್ಕೆಂದು ಮನೆಗೆ ಬಂದಳು. ಚೀಲದಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದವಿತ್ತು. ವಿಮಾನದ ಮುಂಭಾಗದ ಗುಂಡಿ, ದೀಪ, ಹಿಡಿಗಳೆಲ್ಲ ಅಳತೆಗೆ ಸರಿಯಾಗಿ ಅಚ್ಚಾದ ಚಿತ್ರ. ಅದನ್ನು ರೂಮಿನ ಕಬ್ಬಿಣದ ಬೀರುವಿಗೆ ಅಂಟಿಸಿ, ಎದುರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದಳು.

"ನಂಗೆ ಪಕ್ಕದಲ್ಲಿ ಒಬ್ರು ಕೂತು ಪಟ್ಟಿ ಓದಬೇಕು ಅಪ್ಪ. ನೀವು ಕೇಳಿ, ನಾನು ಹೇಳ್ತೀನಿ."

ಕೃಷ್ಣಪ್ಪನವರು ಹೋಗಿ ಎಡಗಡೆಯ ಕುರ್ಚಿಯಲ್ಲಿ ಕೂತರು. ಸೀನಿಯಾರಿಟಿ ಯಾರದು ಎಂಬ ಬಗ್ಗೆ ಅವರಿಗೆ ಸಂಶಯವಿರಲಿಲ್ಲ. ಕೂತವರೇ ಕಾಲು ಚಾಚಿ ಕ್ಲಚ್ ಹುಡುಕಿದರು. ಅಭ್ಯಾಸಬಲದಿಂದ ಬಲಗೈ ಬೀರುವಿನ ಮೇಲೆ ಹಾರ್ನ್ ಎಲ್ಲಿದೆಯೆಂದು ತಡಕಿತು. ಮಗಳು ಕೈಗೆ ಕೊಟ್ಟ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿ, ಮುಖ ಗಂಟಿಕ್ಕಿದರು.

"ಇದೇನಮ್ಮ, ಪಾರ್ಕಿಂಗ್ ಬ್ರೇಕು, ಡೀಸೆಲ್ಲು, ಚಕ್ರ... ಇದ್ನೆಲ್ಲ ಚೀಟಿ ನೋಡ್ಕೊಂಡು ಕೇಳ್ಬೇಕಾ? ಪ್ಯಾಸೆಂಜರ್‌ಗಳು ನೋಡಿದ್ರೆ ಏನಂದ್ಕೊತಾರೆ? ಡ್ರೈವರ್ ಪುಸ್ತಕ ನೋಡ್ಕೊಂಡು ಗಾಡಿ ಬುಡ್ತಾವ್ನೆ ಅಂದ್ರೆ ನಾನಾದ್ರೂ ಇಳ್ಕೊಂಡ್ಬುಡ್ತೀನಿ!"

"ಪುಸ್ತಕ ನೋಡದೇ ಓಡಿಸಿದ್ರೇ ಇಳ್ಕೋಬೇಕು ಅಪ್ಪ. ಚಕ್ರ ಇಳಿಸೋದು ಮರೆತು ಹೊಟ್ಟೆ ಮೇಲೆ ಇಳಿಸಿದವರಿದಾರೆ."

"ಅಂಥೋರ್ಗೆ ಲೈಸೆನ್ಸು ಕೊಟ್ಟೋರ್ದು ತಪ್ಪು. ಮೂವತ್ತೆರಡು ವರ್ಷ, ಒಂದ್ ದಿನ ನಾನು ಒಂದ್ ಚೀಟಿ ನೋಡಿದ್ನಾ? ಎಲ್ಲಾ ಇಲ್ಲಿತ್ತು" ಎಂದು ಹಣೆ ತಟ್ಟಿಕೊಂಡರು. "ಬಾಯಿಪಾಠ ಮಾಡು. ಮಗ್ಗಿ ಅಂಗೆ. ಕೇಳೋ ಮುಂಚೆ ಉತ್ತರ ಬರ್ಬೇಕು."

ಎರಡು ದಿನ ಅದೇ ನಡೆಯಿತು. ಕೃಷ್ಣಪ್ಪನವರು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಬಾಯಿಗೆ ಬಂದ ಕ್ರಮದಲ್ಲಿ ಕೇಳುತ್ತಿದ್ದರು. ಮಗಳು ಚಿತ್ರದ ಕಡೆ ಕಣ್ಣು ಹೊರಳಿಸುವಷ್ಟರಲ್ಲಿ, "ಇದೆ ಇದೆ, ಎಲ್ಲಾ ಇದೆ, ಬುಡು ಗಾಡಿ" ಎಂದು ತಾವೇ ಉತ್ತರವನ್ನೂ ಹೇಳುತ್ತಿದ್ದರು. ಚೈತನ್ಯಳಿಗೆ ಈಗ ಒಂದು ವಿಷಯ ಹೊಳೆಯಿತು. ಥಟ್ಟನೆ ಹೇಳಿದವರೇ ಜಾಣರು ಎಂಬ ಪಾಠ ಅವಳಿಗೆ ಹೈದರಾಬಾದಿನಲ್ಲಿ ಆಗಿದ್ದಲ್ಲ. ಈ ಮನೆಯಲ್ಲಿ, ಈ ಬಾಯಿಂದಲೇ, ಮೂರನೆಯ ವಯಸ್ಸಿನಿಂದ ಆಗಿತ್ತು.

ಮೂರನೆಯ ದಿನ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಳು. ಕೃಷ್ಣಪ್ಪನವರು ಗೋಕುಲಂನಲ್ಲಿರುವ ತಂಗಿಯ ಮನೆಗೆ ಹೊರಡಲು ಸ್ಕೂಟರು ಹೊರಗೆ ತೆಗೆದಿದ್ದರು. ಹೆಂಡತಿ ಸರೋಜಮ್ಮ ಸೌಟು ಹಿಡಿದುಕೊಂಡೇ ಗೇಟಿಗೆ ಬಂದರು.

"ಏನ್ರೀ, ಕನ್ನಡಕ?"

"ಹೂಂ."

"ಹೂಂ ಅಂದ್ರೆ? ತೋರ್ಸಿ."

ಕೃಷ್ಣಪ್ಪನವರು ಜೇಬು ತಟ್ಟಿ ತೋರಿಸಿದರು.

"ಲೈಸೆನ್ಸು?... ಬಿಪಿ ಮಾತ್ರೆ?... ತೋರ್ಸಿ, ಡಬ್ಬಿ ಅಲ್ಲ, ಡಬ್ಬೀಲಿ ಮಾತ್ರೆ ಅದ್ಯೋ ಇಲ್ವೋ ನೋಡ್ಬೇಕು... ಕರ್ಚೀಪು?... ಫೋನು?"

ಫೋನು ಇರಲಿಲ್ಲ. ಸರೋಜಮ್ಮ ಒಳಗಿನಿಂದ ತಂದುಕೊಟ್ಟರು. "ಹೂಂ, ಈಗ ಹೊರಡಿ."

ಚೈತನ್ಯಳ ಬಾಯಲ್ಲಿ ಬ್ರಷ್ಷು ಹಾಗೆಯೇ ನಿಂತಿತು. ಹುಟ್ಟಿದಾಗಿನಿಂದ ದಿನಾ ಕೇಳುತ್ತಿದ್ದ ಮಾತು ಅದು. ದಿನಾ ಕೇಳಿದ್ದರಿಂದಲೇ ಕಿವಿಗೆ ಬಿದ್ದಿರಲಿಲ್ಲ. ಬಾಯಿ ಮುಕ್ಕಳಿಸಿದವಳೇ ಅಮ್ಮನ ಕೈಯ ಸೌಟು ಕಿತ್ತಿಟ್ಟು, ಅವರನ್ನು ಎಡಗಡೆಯ ಕುರ್ಚಿಯಲ್ಲಿ ಕೂರಿಸಿದಳು. ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಟ್ಟಳು.

ಸರೋಜಮ್ಮ ಕನ್ನಡಕ ಏರಿಸಿ ಓದಿದರು. "ಲ್ಯಾಂಡಿಂಗ್ ಗೇರ್?"

"ಡೌನ್."

"ತೋರ್ಸು."

ಚೈತನ್ಯ ಬೆರಳಿಟ್ಟು ತೋರಿಸಿದಳು. "ಒಂದು, ಎರಡು, ಮೂರು ಹಸಿರು."

"ಮೂರ್ನೇದು ಹಸಿರು ಬಣ್ಣ ಒಸಿ ಮಾಸದೆ ಕಣವ್ವ, ಸರಿಯಾಗಿ ನೋಡು" ಎಂದರು ಸರೋಜಮ್ಮ. ಅದು ಅಚ್ಚಿನ ದೋಷ. ಆದರೂ ಚೈತನ್ಯ ಬಗ್ಗಿ ನೋಡಿದಳು.

ಸಂಜೆ ಕೃಷ್ಣಪ್ಪನವರು ಮನೆಗೆ ಬಂದು ನೋಡುತ್ತಾರೆ, ತಮ್ಮ ಸೀಟಿನಲ್ಲಿ ಹೆಂಡತಿ! ಹೋಗಿ ಹಿಂದುಗಡೆಯ ಮಂಚದ ಮೇಲೆ ಕೂತರು. "ಪ್ಯಾಸೆಂಜರ್‌ಗೆ ನೀರಾದ್ರೂ ಕೊಡ್ತೀರಾ?" ಎಂದರು.

ಎರಡು ಮನೆಯಾಚೆ ಇದ್ದ ಪುಟ್ಟಮಾದಯ್ಯ ಬಂದದ್ದು ಆಗಲೇ. ಅವರು ಹದಿನಾರು ವರ್ಷ ಕೃಷ್ಣಪ್ಪನವರ ಬಸ್ಸಿನಲ್ಲೇ ಕಂಡಕ್ಟರಾಗಿದ್ದವರು. ಸೀಟಿಯೂದಿ "ರೈಟ್ ರೈಟ್" ಅಂದರೆ ಬಸ್ಸು ಹೊರಡಬೇಕು, "ಹೋಲ್ಡಾನ್" ಅಂದರೆ ನಿಲ್ಲಬೇಕು. ಹದಿನಾರು ವರ್ಷ ಕೃಷ್ಣಪ್ಪನವರನ್ನು ನಡೆಸಿದ್ದು ತಾವೇ ಎಂಬುದು ಅವರ ನಂಬಿಕೆ. ಬೀರುವಿನ ಮುಂದೆ ನಡೆಯುತ್ತಿದ್ದುದನ್ನು ನೋಡಿ, ವಿಷಯ ಕೇಳಿ ತಿಳಿದು, ತಲೆಯಾಡಿಸಿದರು.

"ಸರಿಯಾಗೈತೆ. ಒಬ್ರು ಕೇಳೋದು, ಒಬ್ರು ಹೇಳೋದು. ನಮ್ ಬಸ್ನಲ್ಲೂ ಅಂಗೇ ಇತ್ತಲ್ಲ. ಅಲ್ವ್ರಾ ಡ್ರೈವರ್ ಸಾಹೇಬ್ರೇ?"

"ಯಾವ್ ಪಟ್ಟಿ ಇತ್ರೀ ನಮ್ಮ ಬಸ್ನಲ್ಲಿ? ಮೂವತ್ತೆರಡು ವರ್ಷ ನಾನು—"

"ಕಡಕೊಳದ್ ವಿಚಾರ ಹೇಳ್ಬುಡ್ಲಾ?"

ಕೃಷ್ಣಪ್ಪನವರು ತಟ್ಟನೆ ಎದ್ದು ನೀರು ಕುಡಿಯಲು ಹೋದರು. ಆದರೆ ಹೆಂಗಸರಿಬ್ಬರೂ ಕುರ್ಚಿಯನ್ನು ತಿರುಗಿಸಿ ಕೂತಾಗಿತ್ತು.

ಇಪ್ಪತ್ತಮೂರು ವರ್ಷದ ಹಿಂದಿನ ಮಾತು. ನಂಜನಗೂಡಿನ ಬೆಳಗಿನ ಟ್ರಿಪ್ಪು. ಪುಟ್ಟಮಾದಯ್ಯ ಸ್ಟ್ಯಾಂಡಿನಲ್ಲಿ ಇಳಿದು ಹಾಜರಿ ಬರೆಸಿಕೊಂಡು ಬರುವಷ್ಟರಲ್ಲಿ, ಸೀಟಿಯನ್ನೂ ಕಾಯದೆ ಕೃಷ್ಣಪ್ಪನವರು ಗಾಡಿ ಬಿಟ್ಟುಕೊಂಡು ಹೋಗಿದ್ದರು. ಒಳಗೆ ಅರವತ್ತು ಜನ, ಒಬ್ಬರಿಗೂ ಟಿಕೆಟ್ ಇಲ್ಲ, ಕಂಡಕ್ಟರೇ ಇಲ್ಲ. ಪುಟ್ಟಮಾದಯ್ಯ ಆಟೋ ಹಿಡಿದು, ಟಿಕೆಟ್ ಚೀಲ ತಬ್ಬಿಕೊಂಡು, ಕಡಕೊಳದ ಹತ್ತಿರ ಬಸ್ಸನ್ನು ಅಡ್ಡಗಟ್ಟಿದ್ದರು.

"ಹತ್ತಿ ಕೇಳಿದ್ರೆ ಏನಂದ್ರು ಗೊತ್ತಾ? 'ನೀನು ಹಿಂದ್ಗಡೆ ಇದ್ದೀಯ ಅಂದ್ಕೊಂಡಿದ್ದೆ ಕಣಯ್ಯ' ಅಂತ. ತಿರುಗಿ ನೋಡಿರ್ಲಿಲ್ಲ! ಆಮೇಲೆ ನೋಡಿದ್ರೆ ಸಾಹೇಬ್ರ ಜೇಬಲ್ಲಿ ಲೈಸೆನ್ಸೂ ಇಲ್ಲ, ಕನ್ನಡ್ಕವೂ ಇಲ್ಲ. ಪದಕ ಕೊಡೋರು ಕೋಳಿ ಲೆಕ್ಕ ಮಾತ್ರ ಕೇಳ್ತಾರೆ. ನಾನೂ ಹೇಳೋಕ್ಕೋಗ್ಲಿಲ್ಲ."

ಸರೋಜಮ್ಮ ಬೆರಳು ಮಡಿಸಿ ಏನೋ ಎಣಿಸಿದರು. "ಯಾವತ್ತು ಅದು? ಇವ್ಳು ಹುಟ್ಟಿದ್ ದಿನ ತಾನೇ?"

"ಅವತ್ತೇ ಕಣಮ್ಮ."

"ಅದ್ಕೇ ಮತ್ತೆ. ಅವತ್ತು ನಾನು ಆಸ್ಪತ್ರೇಲಿದ್ದೆ. ಗೇಟ್ ತಾವ ಕೇಳೋರು ಯಾರಿದ್ರು?"

ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ಚೈತನ್ಯ ನಗು ತಡೆಯಲಾರದೆ ಬೀರುವಿಗೆ, ಅಂದರೆ ವಿಮಾನದ ಗಾಜಿಗೆ, ಹಣೆಯಿಟ್ಟು ನಕ್ಕಳು.

ಆದರೆ ಇದರಿಂದ ಕೃಷ್ಣಪ್ಪನವರು ಬದಲಾದರು ಎಂದುಕೊಂಡರೆ ಅವರನ್ನು ನೀವು ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ. ಒಂದು ವಾರ ಮಂಚದ ಮೇಲೆ ಪ್ಯಾಸೆಂಜರ್ ಆಗಿ ಕೂತವರ ಮನಸ್ಸು, ತಾನೂ ಏನಾದರೂ ಮಾಡಲೇಬೇಕು ಎಂದು ಕುದಿಯುತ್ತಿತ್ತು. ಹೊರಡುವ ದಿನ ಬಂತು. ಮಂಡಕಳ್ಳಿಯಿಂದ ಹೈದರಾಬಾದಿಗೆ ಬೆಳಗಿನ ವಿಮಾನ. ಮಾರನೆಯ ದಿನ ಟೆಸ್ಟು. ಹಿಂದಿನ ಸಂಜೆಯೇ ಚೈತನ್ಯ ಅಮ್ಮನಿಂದ ಪಟ್ಟಿ ಓದಿಸಿಕೊಂಡು, ಒಂದೊಂದನ್ನೂ ಮುಟ್ಟಿ ನೋಡಿ ಚೀಲ ತುಂಬಿದ್ದಳು. ಅದರಲ್ಲಿ ಒಂದು ನೀಲಿ ಫೈಲು. ಲೈಸೆನ್ಸು, ಮೆಡಿಕಲ್ ಸರ್ಟಿಫಿಕೇಟು, ಹಾರಾಟದ ಲಾಗ್‌ಬುಕ್ಕು ಎಲ್ಲ ಅದರೊಳಗೆ. ಅದಿಲ್ಲದೆ ಹೋದರೆ ತರಬೇತಿ ಕೇಂದ್ರದ ಬಾಗಿಲಿನಿಂದಲೇ ವಾಪಸ್ಸು.

ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದ ಕೃಷ್ಣಪ್ಪನವರು ಸ್ನಾನ ಮಾಡಿ, ಮಗಳ ಚೀಲ ತೆಗೆದು, ಆ ಫೈಲನ್ನು ದೇವರ ಗೂಡಿನಲ್ಲಿಟ್ಟರು. ಬಸ್ಸಿಗೆ ಪೂಜೆಯಿಲ್ಲದೆ ಅವರು ಎಂದೂ ಹೊಸ ರೂಟಿಗೆ ಹೋದವರಲ್ಲ. ವಿಮಾನ ಸಿಕ್ಕದಿದ್ದರೆ ವಿಮಾನದ ಕಾಗದಕ್ಕಾದರೂ ಪೂಜೆಯಾಗಬೇಡವೇ? ಫೈಲಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಊದುಬತ್ತಿ ಬೆಳಗಿ, ಕೈಮುಗಿದರು. ಅಷ್ಟರಲ್ಲಿ ಮಗಳನ್ನು ಬಿಟ್ಟುಬರಲು ಮನೆಯ ಹಳೆಯ ಕಾರು ಒರೆಸಬೇಕೆಂಬುದು ನೆನಪಾಗಿ ಹೊರಗೆ ಓಡಿದರು.

ಹೊರಡುವಾಗ ಚೈತನ್ಯ ಗೇಟಿನಲ್ಲಿ ನಿಂತು, "ಅಮ್ಮ, ಇನ್ನೊಂದ್ಸಲ ಓದಿಬಿಡು" ಎಂದಳು. ಸರೋಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದರು.

"ಬ್ಯಾಡ!" ಎಂದರು ಕೃಷ್ಣಪ್ಪನವರು ಸ್ಟೀರಿಂಗ್ ಹಿಂದಿನಿಂದ. "ಶುಭಕಾರ್ಯಕ್ಕೆ ಹೊರಟೋರ್ನ ಹಿಂದಿನಿಂದ ಕೂಗ್ಬಾರ್ದು, ಅದಿದ್ಯಾ ಇದಿದ್ಯಾ ಅಂತ ಕೇಳ್ಬಾರ್ದು. ಅಪಶಕುನ. ರಾತ್ರೀನೇ ನೋಡಿದ್ದೀಯಲ್ಲಮ್ಮ, ಹತ್ತು."

ತಾಯಿ ಮಗಳ ಮುಖ ನೋಡಿದರು, ಮಗಳು ತಾಯಿಯ ಮುಖ. ಅಪ್ಪನ ಮನಸ್ಸು ನೋಯಿಸಬಾರದೆಂದು ಚೈತನ್ಯ ಹತ್ತಿದಳು. ಪೈಲಟ್ ಆಗುವವಳು ಮಾಡಬಾರದ ಕೆಲಸ ಅದು.

ಮಂಡಕಳ್ಳಿಯ ವಿಮಾನ ನಿಲ್ದಾಣದ ಬಾಗಿಲಲ್ಲಿ ಕೃಷ್ಣಪ್ಪನವರು ಕಾವಲಿನ ಜವಾನನಿಗೆ ತಮ್ಮ ಪರಿಚಯ ಮಾಡಿಕೊಡುತ್ತಿದ್ದರು. "ಪೈಲಟ್ ತಂದೆ. ನಾನೂ ಅದೇ ಲೈನು." ಜವಾನ ಟಿಕೆಟ್ ಕೇಳಿದ. ಟಿಕೆಟ್ ತೆಗೆಯಲು ಚೀಲದ ಜಿಪ್ಪು ಎಳೆದ ಚೈತನ್ಯಳ ಕೈ ಅಲ್ಲೇ ನಿಂತಿತು.

"ಅಪ್ಪ, ಫೈಲೆಲ್ಲಿ?"

ಒಂದು ಕ್ಷಣ ಕೃಷ್ಣಪ್ಪನವರ ಕಣ್ಣ ಮುಂದೆ ಊದುಬತ್ತಿಯ ಹೊಗೆ ಸುಳಿಯಿತು. "ಅದು... ದೇವರ ತಾವ..." ಎಂದರು. ಅದಕ್ಕಿಂತ ಭದ್ರವಾದ ಜಾಗವಿಲ್ಲ ಎಂಬಂತೆ ಹೇಳಲು ನೋಡಿದರು.

ಒಳಗೆ ಬಿಡುವುದು ಇನ್ನು ಅರ್ಧ ಗಂಟೆ. ಮನೆಗೆ ಹೋಗಿ ಬರಲು ಅಷ್ಟು ಸಾಲದು. ಚೈತನ್ಯ ಅಮ್ಮನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಕೃಷ್ಣಪ್ಪನವರು ಜೇಬು ಮುಟ್ಟಿದರು. ಅವರ ಫೋನು ಫ್ರಿಜ್ಜಿನ ಮೇಲೆ ಉಳಿದಿತ್ತು. ಚೈತನ್ಯ ಅಳಲಿಲ್ಲ, ಬಯ್ಯಲೂ ಇಲ್ಲ. ಬೆಂಚಿನ ಮೇಲೆ ಕೂತು, ಖಾಲಿಯಾಗಿದ್ದ ಚೀಲದ ಆ ಜಾಗವನ್ನೇ ನೋಡುತ್ತಿದ್ದಳು. ಬೈದಿದ್ದರೆ ಕೃಷ್ಣಪ್ಪನವರಿಗೆ ಸಮಾಧಾನವಾಗುತ್ತಿತ್ತು. ಮಗಳ ಐದು ವರ್ಷದ ಪಾಡು ಒಂದು ಸೇವಂತಿಗೆ ಹೂವಿನ ಅಡಿ ಕೂತಿದೆ ಎಂದು ಅವರಿಗೆ ಗೊತ್ತಾಯಿತು. ಕೂರಲಾಗದೆ, ಹೋಗಿ ಬಂದುಬಿಡುತ್ತೇನೆಂದು ಕಾರಿನ ಕಡೆ ಓಡಿದರು. ಗಾಡಿ ಸ್ಟಾರ್ಟ್ ಮಾಡಿ ಇನ್ನೇನು ಬಿಡಬೇಕು, ಹಿಂದಿನಿಂದ ದನಿ ಬಂತು.

"ಹೋಲ್ಡಾನ್!"

ಕೃಷ್ಣಪ್ಪನವರ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಮೂವತ್ತೆರಡು ವರ್ಷದ ಕಾಲು ಅದು.

ಪುಟ್ಟಮಾದಯ್ಯನವರ ಹಳೆಯ ಸ್ಕೂಟರು ಕೆಮ್ಮುತ್ತ ಬಂದು ನಿಂತಿತು. ಹಿಂದೆ ಸರೋಜಮ್ಮ. ಎದೆಗೆ ಅವಚಿಕೊಂಡ ನೀಲಿ ಫೈಲು, ಅದರ ಮೇಲೆ ಕುಂಕುಮ, ಗಾಳಿಗೆ ಹಾರದೆ ಉಳಿದ ಅರ್ಧ ಸೇವಂತಿಗೆ. ದೀಪಕ್ಕೆ ಎಣ್ಣೆ ಹಾಕಲು ಹೋದವರಿಗೆ ಫೈಲು ಕಂಡಿತ್ತು. ಗಂಡನಿಗೆ ಫೋನು ಮಾಡಿದರೆ ಅದು ಫ್ರಿಜ್ಜಿನ ಮೇಲೆ ಬಡಿದುಕೊಂಡಿತು. ಮತ್ತೆ ಯಾರಿಗೂ ಮಾಡುತ್ತ ಕೂರದೆ, ಪುಟ್ಟಮಾದಯ್ಯನವರ ಬಾಗಿಲು ತಟ್ಟಿದ್ದರು.

"ಎರಡ್ನೇ ಸಲ ಕಣ್ರೀ ಸಾಹೇಬ್ರೇ" ಎಂದರು ಪುಟ್ಟಮಾದಯ್ಯ ಹೆಲ್ಮೆಟ್ ತೆಗೆಯುತ್ತ. "ಕಡಕೊಳ ಒಂದು, ಇದೊಂದು. ಆಟೋ ಚಾರ್ಜು ಅವತ್ತಿಂದೂ ಬಂದಿಲ್ಲ."

ಸರೋಜಮ್ಮ ಗಂಡನ ಕಡೆ ನೋಡಲಿಲ್ಲ. ಫೈಲನ್ನು ಮಗಳ ಕೈಗೂ ಕೊಡಲಿಲ್ಲ. ಬಾಗಿಲಲ್ಲೇ ನಿಂತು, ಹಿಂದೆ ಟ್ರಾಲಿ ಹಿಡಿದು ಕಾಯುವವರನ್ನು ಲೆಕ್ಕಿಸದೆ, ಶುರು ಮಾಡಿದರು.

"ಲೈಸೆನ್ಸು?"

ಚೈತನ್ಯ ಅಮ್ಮನ ಕೈಯಲ್ಲೇ ಫೈಲು ಬಿಚ್ಚಿ ಬೆರಳಿಟ್ಟಳು. "ಇದೆ."

"ಮೆಡಿಕಲ್ಲು?... ಲಾಗ್‌ಬುಕ್ಕು?... ಆಧಾರು?... ಟಿಕೆಟ್ಟು?... ಚಾರ್ಜರ್ರು?"

ಒಂದೊಂದಕ್ಕೂ ಬೆರಳು ಹೋಯಿತು, ಆಮೇಲೆ ಮಾತು ಬಂತು. ಜವಾನ ಬೇಡವೆನ್ನಲಿಲ್ಲ, ಅವನದೂ ಅದೇ ಕೆಲಸ. ಕೃಷ್ಣಪ್ಪನವರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಅಪಶಕುನದ ಮಾತು ಎತ್ತಲಿಲ್ಲ.

"ಹೂಂ, ಈಗ ಹೊರಡು" ಎಂದರು ಸರೋಜಮ್ಮ.

ಮಾರನೆಯ ಸಂಜೆ ಫೋನು ಬಂತು. ಚೈತನ್ಯ ಪಾಸಾಗಿದ್ದಳು.

"ಈ ಸಲ ಎಷ್ಟು ದೀಪ ಆರ್ಸಿದ್ರು?" ಎಂದು ಕೇಳಿದರು ಕೃಷ್ಣಪ್ಪನವರು.

"ಒಂದೂ ಇಲ್ಲ ಅಪ್ಪ. ಮೂರೂ ಹತ್ತಿತ್ತು. ಆದ್ರೂ ಬೆರಳಿಟ್ಟು ಎಣಿಸ್ದೆ. ಪರೀಕ್ಷಕರು ಕೇಳಿದ್ರು, ಫೈಲ್ ಮೇಲೆ ಇದೇನು ಕೆಂಪು ಅಂತ."

"ಏನಂದೆ?"

"ಅಪ್ಪಂದು ಅಂದೆ."

ಈಗ ಚೈತನ್ಯ ಬಲಗಡೆಯ ಸೀಟಿನಲ್ಲಿ ಕೂತು, ನೂರಾರು ಜನರನ್ನು ಹೊತ್ತು ಹಾರುತ್ತಾಳೆ. ಹಿನಕಲ್ ಸರ್ಕಲ್ಲಿನ ಫ್ಲೆಕ್ಸ್ ಬಿಸಿಲಿಗೆ ಮಾಸಿದೆ. ಮೊದಲು ಮಗಳ ಮುಖ ಮಾಸಿತು. ಕೃಷ್ಣಪ್ಪನವರ ಕಪ್ಪು ಕನ್ನಡಕ ಇನ್ನೂ ಗಟ್ಟಿಯಾಗಿದೆ. ಬೆಳಗಿನ ವಾಕಿಂಗಿನಲ್ಲಿ ಯಾರಾದರೂ ಸಿಕ್ಕಿ, "ಕೋ-ಪೈಲಟ್ ಅಂದ್ರೆ ನಮ್ ಲಾರಿ ಕ್ಲೀನರ್ ಇದ್ದಂಗಾ ಕೃಷ್ಣಪ್ನೋರೇ?" ಎಂದರೆ, ಅವರು ನಿಂತು, ಊರುಗೋಲಿಲ್ಲದ ಕೈಯನ್ನು ಊರುಗೋಲಿನಂತೆ ಎತ್ತಿ ಹೇಳುತ್ತಾರೆ:

"ಸೀಟಲ್ಲಿ ಏನದೆ? ಇಮಾನ್ದಲ್ಲಿ ಮುಖ್ಯ ಚೆಕ್‌ಲಿಸ್ಟು. ನೋಡ್ದೆ ಹೇಳೋನು ಡ್ರೈವರ್ರೇ ಅಲ್ಲ. ನಮ್ಮನೇಲಿ ಮೊದ್ಲಿಂದ್ಲೂ ಅದೇ ಪದ್ಧತಿ. ಮಗಳಿಗೆ ನಾನೇ ಹಾಕ್ಕೊಟ್ಟಿದ್ದು."

ಹೀಗೆ ಹೇಳಿ ಮನೆಗೆ ಬಂದು, ತಿಂಡಿ ತಿಂದು, ಸ್ಕೂಟರು ಹೊರಗೆ ತೆಗೆದು, ಗೇಟಿನಲ್ಲಿ ನಿಲ್ಲುತ್ತಾರೆ. ಸ್ಟಾರ್ಟ್ ಮಾಡುವುದಿಲ್ಲ. ಸರೋಜಮ್ಮ ಒಳಗೆ ಹಾಲು ಕಾಯಿಸುತ್ತಿರುತ್ತಾರೆ, ಅಥವಾ ಹಿತ್ತಲಲ್ಲಿ ಪಕ್ಕದ ಮನೆಯವರೊಂದಿಗೆ ಮಾತಾಡುತ್ತಿರುತ್ತಾರೆ. ಗಂಡ ಕಾಯುತ್ತಿರುವುದು ಅವರಿಗೆ ಗೊತ್ತು. ಮಾತು ಮುಗಿಸಿಯೇ ಬರುತ್ತಾರೆ.

ದಾರಿಯಲ್ಲಿ ಹೋಗುವವರು, "ಯಾಕ್ರೀ ನಿಂತ್ಬುಟ್ರಿ, ಗಾಡಿ ಕೆಟ್ಟೋಯ್ತಾ?" ಎಂದು ಕೇಳುತ್ತಾರೆ.

"ಇಲ್ಲ ಬುಡಿ" ಎನ್ನುತ್ತಾರೆ ಕೃಷ್ಣಪ್ಪನವರು, ಜೇಬಿನಿಂದ ಕನ್ನಡಕ, ಲೈಸೆನ್ಸು, ಮಾತ್ರೆಯ ಡಬ್ಬಿಯನ್ನು ಒಂದೊಂದಾಗಿ ತೆಗೆದು ಸೀಟಿನ ಮೇಲೆ ಸಾಲಾಗಿ ಜೋಡಿಸುತ್ತ. "ಕ್ಲಿಯರೆನ್ಸು ಬಂದಿಲ್ಲ."